ನಮ್ಮ ಶಾಲೆ ಗೋಡೆಗೆ ಚಿರತೆಯೂ ಬರಲಿ



ನಮ್ಮ ಶಾಲೆಯ ಹೊಸ ಕಾಂಪೌಂಡ್ ಗೋಡೆಗೆ ಕಾಡುಪ್ರಾಣಿಗಳ ಚಿತ್ರ ಬರೆಯಬೇಕು ಅಂತ ತೀರ್ಮಾನ ಆಗಿರುವುದು ನಿಮಗೆಲ್ಲ ಗೊತ್ತೇ ಇದೆ. ಗೇಟಿನಿಂದ ಬೋರ್‌ವೆಲ್ ತನಕ ಕಂಬಕ್ಕೂ ಕಂಬಕ್ಕೂ ನಡುವೆ ಎಂಟು ಅಂಕಣ ಇವೆ. (ಹಳೇ ಮನೆಗಳನ್ನು ಎಷ್ಟು ಅಂಕಣದ ಮನೆ ಅಂತ ಕೇಳ್ತಾರಲ್ಲ, ಅದೇ ಅಂಕಣ.) ಒಂದೊಂದು ಅಂಕಣಕ್ಕೆ ಒಂದೊಂದು ಪ್ರಾಣಿ. ಕಳೆದ ಸಂಚಿಕೆಯಲ್ಲಿ ಒಂಬತ್ತನೇ ತರಗತಿಯವರು ಅದಕ್ಕೊಂದು ಪಟ್ಟಿ ಹಾಕಿದ್ದರು: ಸಿಂಹ, ಹುಲಿ, ಜಿರಾಫೆ, ಜೀಬ್ರಾ, ಕಾಂಗರೂ, ಪೆಂಗ್ವಿನ್, ಆನೆ, ನವಿಲು. ಪಟ್ಟಿಯ ಕೆಳಗೆ ಕೆಂಪು ಇಂಕಿನಲ್ಲಿ ಒಂದು ಟಿಪ್ಪಣಿ ಬೇರೆ ಇತ್ತು. "ಚಿರತೆ ಬೇಡ. ಚಿಕ್ಕ ಮಕ್ಕಳು ಹೆದರುತ್ತಾರೆ."

ಪಟ್ಟಿ ಬರೆದವರ ಮೇಲೆ ನನಗೆ ಕೋಪ ಇಲ್ಲ. ಅವರ ಅಕ್ಷರ ನನ್ನದಕ್ಕಿಂತ ಚೆನ್ನಾಗಿದೆ. ಆದರೆ ಆ ಪಟ್ಟಿಯನ್ನು ನಾನು ಒಪ್ಪೋದಿಲ್ಲ, ಟಿಪ್ಪಣಿಯನ್ನಂತೂ ಒಪ್ಪೋದೇ ಇಲ್ಲ. ಯಾಕೆ ಅಂತ ಹೇಳೋಕೆ ಸ್ವಲ್ಪ ಜಾಗ ಬೇಕು. ಸಂಪಾದಕರು ಎರಡು ಡ್ರಾಯಿಂಗ್ ಶೀಟು ಕೊಟ್ಟಿದ್ದಾರೆ, ಅವರಿಗೆ ವಂದನೆ.

ಈ ವಿಷಯದಲ್ಲಿ ಮಾತಾಡೋಕೆ ನನಗೇನು ಅಧಿಕಾರ ಅಂತ ನೀವು ಕೇಳಬಹುದು. ನನ್ನ ಸೋದರಮಾವ ಮೈಸೂರಿನಲ್ಲಿ ಪೇಂಟರ್. ಮೊದಲು ಅಂಗಡಿ ಬೋರ್ಡು ಬರೀತಿದ್ದರು. ಫ್ಲೆಕ್ಸ್ ಬಂದ ಮೇಲೆ ಬೋರ್ಡು ಬರೆಸುವವರೇ ಇಲ್ಲವಾದರು. ಮಾವ ಎರಡು ವರ್ಷ ಮನೆಗಳಿಗೆ ಸುಣ್ಣಬಣ್ಣ ಹೊಡೆದರು. ಆಮೇಲೆ ಗೋಡೆ ಚಿತ್ರದ ಕಾಲ ಬಂತು. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ಮೈಸೂರು ದೇಶಕ್ಕೇ ಮೊದಲನೇ ಸ್ಥಾನ ಬಂದಿತ್ತಲ್ಲ, ಆ ಹೊತ್ತಿಗೆಲ್ಲ ಊರ ಗೋಡೆಗಳಿಗೆ ಚಿತ್ರ ಬರೆಸುವ ಹುಮ್ಮಸ್ಸು ಶುರುವಾಗಿತ್ತು ಅಂತ ಮಾವ ಹೇಳ್ತಾರೆ. ಬಿಳೀ ಗೋಡೆ ಬಿಟ್ಟರೆ ಪೋಸ್ಟರ್ ಅಂಟಿಸ್ತಾರೆ, ಮೂಲೇಲಿ ನಿಂತು ಗಲೀಜು ಮಾಡ್ತಾರೆ. ಚಿತ್ರ ಇದ್ದರೆ ಜನ ಸ್ವಲ್ಪ ನಾಚಿಕೊಳ್ತಾರೆ. ದೇವರ ಚಿತ್ರ ಇದ್ದರೆ ಪೂರ್ತಿ ನಾಚಿಕೊಳ್ತಾರಂತೆ, ಹುಲಿ ಇದ್ದರೆ ಅರ್ಧ.

ಈ ಬೇಸಿಗೆ ರಜೆಯಲ್ಲಿ ನಾನು ಮಾವನ ಜೊತೆ ಹದಿನೆಂಟು ದಿನ ಕೆಲಸ ಮಾಡಿದೆ. ಅಲ್ಲಿನ ಒಂದು ಪ್ರೈವೇಟ್ ನರ್ಸರಿ ಶಾಲೆಯ ಹೊರಗೋಡೆ. ಆರು ಅಂಕಣ. "ಕಾಡು ಇರಬೇಕು, ಪ್ರಾಣಿ ಇರಬೇಕು, ಕಲರ್‌ಫುಲ್ ಆಗಿರಬೇಕು" ಅಂತ ಹೇಳಿ ಮೊಬೈಲಿನಿಂದ ಪ್ರಿಂಟ್ ತೆಗೆಸಿದ ಆರು ಹಾಳೆ ಕೊಟ್ಟಿದ್ದರು.

ಗೋಡೆ ಚಿತ್ರ ಅಂದರೆ ಹೋಗಿ ಬ್ರಷ್ಷು ಅದ್ದಿ ಬರೆಯೋದು ಅಂದುಕೊಂಡಿದ್ದೆ. ಮೊದಲ ನಾಲ್ಕು ದಿನ ಬ್ರಷ್ಷು ಮುಟ್ಟಲಿಲ್ಲ. ಹಳೇ ಬಣ್ಣ ಕೆರೆದೆವು, ಎಮರಿ ಕಾಗದದಲ್ಲಿ ಉಜ್ಜಿದೆವು, ತೊಳೆದೆವು, ಒಣಗೋಕೆ ಬಿಟ್ಟೆವು. ನೀರಿನ ಸಿಂಟೆಕ್ಸ್ ಪಕ್ಕದ ಅಂಕಣದಲ್ಲಿ ಗೋಡೆ ಬೆಳ್ಳಗೆ ಉಪ್ಪು ಉಗುಳ್ತಿತ್ತು. ಅದರ ಮೇಲೆ ಎಂಥಾ ಬಣ್ಣ ಹೊಡೆದರೂ ಮೂರು ತಿಂಗಳಿಗೆ ಹಪ್ಪಳದ ಹಾಗೆ ಎದ್ದು ಬರುತ್ತೆ. ಮೊದಲು ನೀರು ಸೋರೋದನ್ನು ನಿಲ್ಲಿಸಿ, ಆಮೇಲೆ ಚಿತ್ರ ಅಂತ ಮಾವ ಹಟ ಹಿಡಿದರು. ನಮ್ಮ ಬೋರ್‌ವೆಲ್ ಪಕ್ಕದ ಎಂಟನೇ ಅಂಕಣಕ್ಕೂ ಇದೇ ಕಥೆ ಆಗುತ್ತೆ, ಹೆಡ್ ಮೇಷ್ಟ್ರು ದಯವಿಟ್ಟು ಗಮನಿಸಬೇಕು. ಇನ್ನೊಂದು ಮಾತು, ಹೊಸ ಸಿಮೆಂಟು ಗೋಡೆ ನೀರು ಕುಡಿದು ಗಟ್ಟಿಯಾಗಿ ಒಣಗೋಕೆ ಮೂರು ನಾಲ್ಕು ವಾರ ಬೇಕು. ನಮ್ಮ ಗೋಡೆಗೆ ಗಾರೆ ಆಗಿ ಇನ್ನೂ ಹತ್ತು ದಿನ. ಆತುರ ಬೇಡ.

ಪ್ರೈಮರ್ ಒಣಗಿದ ಮೇಲೆ ಮಾವ ಬಣ್ಣದ ಡಬ್ಬ ತೆಗೆಯೋ ಬದಲು ಗಾರೆಯವರ ಹಾಗೆ ನೀರು ತುಂಬಿದ ಟ್ಯೂಬು ಹಿಡಿದು ಆರೂ ಅಂಕಣಕ್ಕೆ ಒಂದೇ ಮಟ್ಟದ ಗುರುತು ಹಾಕಿದರು. ಅದು ದಿಗಂತದ ಗೆರೆ. ಅಂಕಣ ಬೇರೆ ಬೇರೆ ಆದರೂ ಭೂಮಿ ಆಕಾಶ ಸೇರೋ ಗೆರೆ ಒಂದೇ ಇರಬೇಕು, ಕಂಬದ ಹಿಂದೆ ಹೋದ ಬೆಟ್ಟ ಆ ಕಡೆ ಅದೇ ಎತ್ತರದಲ್ಲಿ ಈಚೆ ಬರಬೇಕು. ಹಾಗಿದ್ದರೆ ಆರು ಕಿಟಕಿಯಿಂದ ಒಂದೇ ಕಾಡು ನೋಡಿದಂಗೆ ಇರುತ್ತೆ. ಇಲ್ಲದಿದ್ದರೆ ಆರು ಕ್ಯಾಲೆಂಡರ್ ತೂಗುಹಾಕಿದಂಗೆ ಆಗುತ್ತೆ. ಆಮೇಲೆ ನೂಲಿಗೆ ನೀಲಿ ಪುಡಿ ಸವರಿ ಎರಡು ಕಡೆ ಎಳೆದು ಹಿಡಿದು ಬಿಟ್ಟರೆ ಪಟ್ ಅಂತ ಗೋಡೆಗೆ ಗೆರೆ ಬೀಳುತ್ತೆ. ಹೀಗೆ ಅಡಿಗೊಂದು ಚೌಕ. ಪ್ರಿಂಟಿನ ಮೇಲೆ ಇಂಚಿಗೊಂದು ಚೌಕ. ಹಾಳೆಯ ಮೂರನೇ ಚೌಕದಲ್ಲಿ ಕಿವಿ ಇದ್ದರೆ ಗೋಡೆಯ ಮೂರನೇ ಚೌಕದಲ್ಲೂ ಕಿವಿ. ಚಿತ್ರ ಬರೆಯೋಕೆ ಬರದ ನಾನೂ ಒಂದು ಜೀಬ್ರಾದ ಹಿಂಗಾಲು ಬರೆದೆ. ಗಣಿತದಲ್ಲಿ ಅನುಪಾತ ಅಂತ ಓದ್ತೀವಲ್ಲ, ಅದು ಉಪಯೋಗಕ್ಕೆ ಬಂದಿದ್ದನ್ನು ನಾನು ಕಣ್ಣಾರೆ ನೋಡಿದ್ದು ಅಲ್ಲೇ.

ಆಕಾಶದ ಬಣ್ಣವನ್ನು ಒಂದೇ ಸಲ ಒಂದು ದೊಡ್ಡ ಬಕೆಟ್ಟಿನಲ್ಲಿ ಕಲೆಸಿ ಆರೂ ಅಂಕಣಕ್ಕೆ ಹೊಡೆದುಬಿಡಬೇಕು. ಬಿಳಿ ಎಮಲ್ಷನ್‌ಗೆ ನೀಲಿ ಸ್ಟೈನರ್ ಹನಿಹನಿಯಾಗಿ ಹಾಕೋದು. ನಾಳೆ ಮತ್ತೆ ಕಲೆಸ್ತೀನಿ ಅಂದರೆ ಆ ಬಣ್ಣ ಈ ಬಣ್ಣ ತಾಳೆ ಆಗೋದಿಲ್ಲ. ದೂರದ ಬೆಟ್ಟಕ್ಕೆ ಹಸಿರಲ್ಲ, ಮಂಕು ನೀಲಿ. ಹತ್ತಿರ ಬಂದ ಹಾಗೆ ಹಸಿರು ಗಾಢ. ಬಿಸಿಲು ಯಾವ ಕಡೆಯಿಂದ ಅಂತ ಮೊದಲೇ ಗೊತ್ತುಮಾಡಿಕೊಂಡು ಎಲ್ಲ ಪ್ರಾಣಿಯ ನೆರಳನ್ನೂ ಒಂದೇ ಕಡೆ ಹಾಕಬೇಕು. ಕೊನೇಲಿ ಕಣ್ಣು. ಕಣ್ಣಿನೊಳಗೆ ಒಂದು ಬಿಳೀ ಚುಕ್ಕೆ ಇಟ್ಟ ತಕ್ಷಣ ಪ್ರಾಣಿ ತಿರುಗಿ ನಮ್ಮನ್ನೇ ನೋಡುತ್ತೆ, ನನಗಂತೂ ಮೈ ಜುಂ ಅಂತು.

ಇಷ್ಟೆಲ್ಲ ಚೆನ್ನಾಗಿತ್ತು. ತಪ್ಪು ಆದದ್ದು ಬೇರೆ ಕಡೆ.

ಮಾವನಿಗೆ ಮನಸ್ಸಿನಿಂದ ಬರೆಯೋಕೆ ಬರೋದು ಒಂದೇ ಬೆಟ್ಟ, ಚಾಮುಂಡಿ ಬೆಟ್ಟ. ಹಾಗಾಗಿ ಆ ಗೋಡೆಯಲ್ಲಿ ಚಾಮುಂಡಿ ಬೆಟ್ಟದ ಕೆಳಗೆ ಜೀಬ್ರಾ ಮೇಯ್ತಿತ್ತು, ಆಲದ ಮರಕ್ಕೆ ಜಿರಾಫೆ ಕತ್ತು ಚಾಚಿತ್ತು. ನಾನು ನಕ್ಕೆ. ಮಾವ "ನಗಬೇಡ, ಅವರು ಕೇಳಿದ್ದು ಕೊಟ್ಟಿದ್ದೀನಿ" ಅಂದರು. ಐದನೇ ಅಂಕಣಕ್ಕೆ ಚಿರತೆ. ಅದೊಂದೇ ನಮ್ಮ ಕಡೆ ಪ್ರಾಣಿ ಅಂತ ನನಗೆ ಖುಷಿ. ಹಳದಿ ಮೈ, ದುಂಡು ದುಂಡು ಕಪ್ಪು ಚುಕ್ಕೆ, ಕಣ್ಣಿನಿಂದ ಬಾಯಿತನಕ ಕಣ್ಣೀರು ಇಳಿದಂಗೆ ಎರಡು ಕಪ್ಪು ಗೆರೆ. ಕೆಳಗೆ ನಾನೇ ದಪ್ಪ ಅಕ್ಷರದಲ್ಲಿ 'ಚಿರತೆ' ಅಂತ ಬರೆದೆ.

ಮಾರನೇ ದಿನ ಕೆಲಸಕ್ಕೆ ಬಿಡುವು. ಮೃಗಾಲಯ ತೋರಿಸ್ತೀನಿ ಅಂತ ಮಾವ ಕರೆದುಕೊಂಡು ಹೋದರು. ಅವತ್ತು ಮಂಗಳವಾರ, ಮೃಗಾಲಯಕ್ಕೆ ರಜೆ. ಇಬ್ಬರೂ ಗೇಟಿನ ಹತ್ತಿರ ಕಡಲೇಕಾಯಿ ತಿಂದು ವಾಪಸ್ಸು ಬಂದೆವು. ಬುಧವಾರ ಮತ್ತೆ ಹೋದೆವು. ಅಲ್ಲಿ ಚಿರತೆಯ ಮನೆ ಮುಂದೆ ನಿಂತಾಗ ಮಾವ ಸುಮ್ಮನಾಗಿಬಿಟ್ಟರು. ಅದು ಹಲಗೆ ಮೇಲೆ ನಾಲ್ಕೂ ಕಾಲು ಇಳಿಬಿಟ್ಟು ಮಲಗಿತ್ತು. ಮುಖದಲ್ಲಿ ಕಣ್ಣೀರಿನ ಗೆರೆ ಇಲ್ಲ. ಬೆನ್ನಿನ ಮೇಲೆ ದುಂಡು ಚುಕ್ಕೆಯೂ ಇಲ್ಲ! ಐದು ಬೆರಳ ತುದಿ ಕೂಡಿಸಿ ಮಸಿಗೆ ಅದ್ದಿ ಒತ್ತಿದಂಗೆ ಹೂವು ಹೂವಾಗಿ ಗುರುತು, ನಡುವೆ ಮೈಬಣ್ಣವೇ ಸ್ವಲ್ಪ ಗಾಢ. ತಲೆ ಮೇಲೆ, ಕಾಲಿನ ಮೇಲೆ ಮಾತ್ರ ಗಟ್ಟಿ ಚುಕ್ಕೆ. ಕುತ್ತಿಗೆ ದಪ್ಪ, ಕಾಲು ಗಿಡ್ಡ, ಬಾಲ ಉದ್ದ.

ನಾವು ಬರೆದಿದ್ದು ಚಿರತೆಯನ್ನಲ್ಲ, ಚೀತಾವನ್ನು. ಚೀತಾ ಅಂದರೆ ಬಯಲಲ್ಲಿ ಓಡೋ ಪ್ರಾಣಿ, ತೆಳ್ಳಗೆ, ಉದ್ದ ಕಾಲಿನದು. 'ಚಿತ್ರಕ' ಅನ್ನೋ ಸಂಸ್ಕೃತ ಪದದಿಂದ ಆ ಹೆಸರು ಬಂದಿದ್ದು, ಅಂದರೆ ಮೈಮೇಲೆ ಚುಕ್ಕೆ ಇರುವಂಥದ್ದು. ನಮ್ಮ ದೇಶದಲ್ಲಿ ಅದು ನಿರ್ನಾಮ ಆಯಿತು ಅಂತ 1952ರಲ್ಲೇ ಹೇಳಿದ್ದರು. 2022ರ ಸೆಪ್ಟೆಂಬರ್ 17ರಂದು ನಮೀಬಿಯಾದಿಂದ ಎಂಟನ್ನು ತಂದು ಮಧ್ಯಪ್ರದೇಶದ ಕುನೋದಲ್ಲಿ ಬಿಟ್ಟರು. ಆಗ ಟೀವಿ ನೋಡಿದ ನಮ್ಮ ಕಡೆಯವರು ಎಷ್ಟೋ ಜನ ಅದನ್ನೂ ಚಿರತೆ ಅಂತಲೇ ಕರೆದರು. ಮಾವನ ತಪ್ಪೂ ಹಾಗೇ ಆದದ್ದು, ಹೆಸರು ಕೇಳಿ ಚಿತ್ರ ಹುಡುಕಿದರು, ಪ್ರಾಣಿ ನೋಡಿ ಬರೆಯಲಿಲ್ಲ.

ಮಾವ ಮರ್ಯಾದಸ್ಥ. ಸಣ್ಣ ಡಬ್ಬ ಹಿಡಿದು ಹೋಗಿ ಕಣ್ಣೀರಿನ ಗೆರೆ ಅಳಿಸಿದರು, ಚುಕ್ಕೆಗಳನ್ನು ಹೂವು ಮಾಡಿದರು. ಶಾಲೆಯವರು "ಮಕ್ಕಳಿಗೆ ಏನು ಗೊತ್ತಾಗುತ್ತೆ ಬಿಡಿ" ಅಂದರು. ಮೈಯ ಆಕಾರ ಬದಲಾಯಿಸೋಕೆ ಪೂರ್ತಿ ಅಂಕಣ ಮತ್ತೆ ಹೊಡೀಬೇಕು, ಬಣ್ಣಕ್ಕೆ ದುಡ್ಡು ಯಾರು ಕೊಡ್ತಾರೆ? ಹಾಗಾಗಿ ಈಗ ಮೈಸೂರಿನ ಒಂದು ಗೋಡೆ ಮೇಲೆ ಚಿರತೆಯ ಮುಖ, ಚೀತಾದ ಕಾಲು ಇರುವ ಪ್ರಾಣಿಯೊಂದು ನಿಂತಿದೆ. ಅದರ ಕೆಳಗಿರೋದು ನನ್ನ ಅಕ್ಷರ. ನೆನೆಸಿಕೊಂಡರೆ ನಾಚಿಕೆ ಆಗುತ್ತೆ.

"ಮಕ್ಕಳಿಗೆ ಏನು ಗೊತ್ತಾಗುತ್ತೆ" ಅನ್ನೋ ಆ ಮಾತು ನನಗೆ ಚುಚ್ಚಿತು. ಆ ಮಕ್ಕಳು ಮೂರು ವರ್ಷ ದಿನಾ ಆ ಗೋಡೆ ಮುಂದೆ ಹೋಗ್ತಾರೆ. ಪಾಠದ ಪುಸ್ತಕವನ್ನಾದರೂ ಮುಚ್ಚಿ ಇಡಬಹುದು, ಗೋಡೆಯನ್ನು ಮುಚ್ಚೋಕೆ ಆಗುತ್ತಾ?

ಆ ಹದಿನೆಂಟು ದಿನದಲ್ಲಿ ಇನ್ನೂ ಮೂರು ವಿಷಯ ನೋಡಿದೆ.

ಒಂದು, ಅರಮನೆ. ಅರಮನೆಗೆ ನಾವೆಲ್ಲ ಪ್ರವಾಸ ಹೋಗಿದ್ದೀವಿ, ಆದರೆ ಸಿಂಹಾಸನ ಎಲ್ಲಿ, ಅಂಬಾರಿ ಎಲ್ಲಿ ಅಂತ ಓಡಿಬಿಟ್ಟೆವು. ಕಲ್ಯಾಣ ಮಂಟಪದ ಗೋಡೆ ಸುತ್ತ ದಸರಾ ಮೆರವಣಿಗೆಯ 26 ಚಿತ್ರಗಳಿವೆ. ತಲೆ ಎತ್ತಿದರೆ ಗಾಜಿನ ನವಿಲುಗಳು, ಅಡ್ಡಕ್ಕೆ ನೋಡಿದರೆ ಈ ಚಿತ್ರಗಳು. ಒಂದರ ಪಕ್ಕ ಒಂದು ನೋಡ್ತಾ ಹೋದರೆ ಆನೆ, ಕುದುರೆ, ಒಂಟೆ, ಸಿಪಾಯಿ, ನೋಡೋ ಜನ, ಮೆರವಣಿಗೆ ನಿಮ್ಮ ಜೊತೆಯಲ್ಲೇ ನಡೀತಿದೆ ಅನ್ನಿಸುತ್ತೆ. 1934ರಿಂದ 1945ರ ತನಕ ಹಲವು ಕಲಾವಿದರು ಸೇರಿ ಬರೆದದ್ದು. ಹನ್ನೊಂದು ವರ್ಷ! ನಿಜವಾದ ಮೆರವಣಿಗೆಯ ಫೋಟೋ ಎದುರಿಗೆ ಇಟ್ಟುಕೊಂಡು ಬರೆದರಂತೆ. ಅದಕ್ಕೇ ಅಲ್ಲಿ ಗುಂಪಿನ ಮುಖ ಒಂದೇ ಅಚ್ಚಿನಲ್ಲಿ ಒತ್ತಿದಂಗಿಲ್ಲ, ಒಬ್ಬೊಬ್ಬರದೂ ಒಂದೊಂದು. ಮಾವ ಒಂದು ಆನೆ ಮುಂದೆ ಬಹಳ ಹೊತ್ತು ನಿಂತು "ನೋಡು, ಹಣೆ ಮೇಲೆ ಎರಡು ಗುಡ್ಡ, ಕಿವಿ ಚಿಕ್ಕದು. ನಾವು ನರ್ಸರಿ ಗೋಡೆಗೆ ಬರೆದದ್ದು ಆಫ್ರಿಕದ ಆನೆ" ಅಂತ ತಲೆ ಚಚ್ಚಿಕೊಂಡರು. ಮೈಸೂರಲ್ಲಿ ಹುಟ್ಟಿ ಬೆಳೆದವರು, ಪ್ರತಿ ದಸರಾಕ್ಕೂ ಆನೆ ನೋಡಿದವರು! ಕೈ ಮಾತ್ರ ಪ್ರಿಂಟಿನ ಆನೆಯನ್ನೇ ಬರೆದಿತ್ತು.

ಎರಡನೇದು, ಕಾರಂಜಿ ಕೆರೆ ಪಕ್ಕದ ಪ್ರಾಕೃತಿಕ ಇತಿಹಾಸದ ವಸ್ತು ಸಂಗ್ರಹಾಲಯ. 1995ರಲ್ಲಿ ಶುರುವಾದದ್ದು. ನಮ್ಮ ಶಾಲೆ ಪ್ರವಾಸದ ಪಟ್ಟಿಯಲ್ಲಿ ಇದು ಯಾವಾಗಲೂ ಇರೋದಿಲ್ಲ, ಮೇಷ್ಟ್ರುಗಳು ಈ ಸಲ ಸೇರಿಸಬೇಕು ಅಂತ ಕೇಳಿಕೊಳ್ತೀನಿ. ಅಲ್ಲಿ ಪ್ರಾಣಿಯ ಬೊಂಬೆಯನ್ನು ಬರೀ ನಿಲ್ಲಿಸಿಲ್ಲ. ಅದು ಇರುವ ಜಾಗವನ್ನೂ ಮಾಡಿ ತೋರಿಸಿದ್ದಾರೆ, ಗಿಡ, ಮಣ್ಣು, ಹಿಂದೆ ಪರದೆಯಲ್ಲಿ ಬರೆದ ಕಾಡು. ಪ್ರಾಣಿ ಬೇರೆ ಅಲ್ಲ, ಅದರ ಜಾಗ ಬೇರೆ ಅಲ್ಲ ಅಂತ ನೋಡಿದ ತಕ್ಷಣ ತಿಳಿಯುತ್ತೆ. ಚಾಮುಂಡಿ ಬೆಟ್ಟದ ಕೆಳಗೆ ಜೀಬ್ರಾ ಬರೆದವರಿಗೆ ಅಲ್ಲಿ ತಲೆ ತಗ್ಗಿಸೋ ಹಾಗಾಯ್ತು.

ಮೂರನೇದು ನೋಡಿದ್ದಲ್ಲ, ಕೇಳಿದ್ದು. ಮೈಸೂರಲ್ಲಿ ವ್ಯಾನ್ ಇಂಗೆನ್ ಅನ್ನೋರ ಕಾರ್ಖಾನೆ ಇತ್ತಂತೆ. ರಾಜರು, ದೊರೆಗಳು ಬೇಟೆಯಾಡಿದ ಹುಲಿ ಚಿರತೆಗಳ ಚರ್ಮಕ್ಕೆ ಒಳಗೆ ತುಂಬಿ ಜೀವ ಇದ್ದಂಗೆ ನಿಲ್ಲಿಸಿಕೊಡ್ತಿದ್ದರು. ಸುಮಾರು ನೂರು ವರ್ಷ ನಡೆದು 1999ರಲ್ಲಿ ಮುಚ್ಚಿತು. ಅಲ್ಲಿಂದ ಹೊರಬಂದ ಹುಲಿಯ ತಲೆಗಳು ಹೆಚ್ಚಾಗಿ ಬಾಯಿ ತೆರೆದು ಹಲ್ಲು ಕಿರಿದಿರ್ತಿದ್ದವು, ಬೇಟೆಯಾಡಿದವನ ಧೈರ್ಯ ಕಾಣಬೇಕಲ್ಲ! ನನಗನ್ನಿಸೋದು, ನಮ್ಮ ಪೇಂಟರುಗಳೆಲ್ಲ ಇವತ್ತಿಗೂ ಹುಲಿ ಬರೆದರೆ ಬಾಯಿ ತೆರೆದೇ ಬರೆಯೋದಕ್ಕೆ ಅಂಥ ತಲೆಗಳೂ ಒಂದು ಕಾರಣ. ಮೃಗಾಲಯದಲ್ಲಿ ನಾನು ಒಂದು ಗಂಟೆ ನೋಡಿದೆ, ಹುಲಿ ಬಾಯಿ ತೆರೆದಿದ್ದು ಒಂದೇ ಸಲ. ಆಕಳಿಸೋಕೆ. ಅದರ ಕಿವಿ ಹಿಂದೆ ಕಪ್ಪು, ಕಪ್ಪಿನ ನಡುವೆ ಒಂದು ಬಿಳೀ ಮಚ್ಚೆ ಇದೆ, ನಿಮಗೆ ಗೊತ್ತಿತ್ತಾ? ಒಂದು ಹುಲಿಯ ಪಟ್ಟೆ ಇನ್ನೊಂದಕ್ಕೆ ಇರೋದಿಲ್ಲ, ನಮ್ಮ ಹೆಬ್ಬೆಟ್ಟಿನ ಗುರುತಿನ ಹಾಗೆ. ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ಕಾಡಿನ ದಾರಿಯಲ್ಲಿ ಕ್ಯಾಮರಾ ಇಟ್ಟು, ಪಟ್ಟೆ ನೋಡಿ ಇದು ಯಾವ ಹುಲಿ ಅಂತ ಗುರುತು ಹಿಡಿದು ಲೆಕ್ಕ ಹಾಕಿದ್ದು ಇದೇ ಕಾರಣಕ್ಕೆ. ನಾವು ಮನಸ್ಸಿಗೆ ಬಂದಂಗೆ ಪಟ್ಟೆ ಎಳೆದರೆ ಅದು ಯಾವ ಹುಲಿಯೂ ಅಲ್ಲ.

ಈಗ ನಮ್ಮ ಗೋಡೆಗೆ ಬರ್ತೀನಿ.

ಪೆಂಗ್ವಿನ್ ಮೇಲೆ ನನಗೆ ದ್ವೇಷ ಇಲ್ಲ. ಜಿರಾಫೆಯನ್ನು ಮೈಸೂರು ಮೃಗಾಲಯದಲ್ಲಿ ನೋಡಿದ್ದೀವಿ, ಚೆಂದವೇ. ಆ ಮೃಗಾಲಯ 1892ರಿಂದ ಇದೆ, ಹೊರದೇಶದ ಪ್ರಾಣಿ ತೋರಿಸೋಕೆ ಅದಿದೆ. ನಮ್ಮ ಎಂಟು ಅಂಕಣಕ್ಕೆ ನಮ್ಮವು ಸಾಲದೇ? ನಮ್ಮ ಜಿಲ್ಲೆಗೆ ನಾಗರಹೊಳೆ ಇದೆ, ಪಕ್ಕದಲ್ಲೇ ಬಂಡೀಪುರ ಇದೆ. ಅಲ್ಲಿ ಕಾಟಿ ಇದೆ. ಕಾಡೆಮ್ಮೆ ಅಂತಾರಲ್ಲ ಅದೇ, ಕರೀ ಮೈ, ಮೊಣಕಾಲಿಂದ ಕೆಳಕ್ಕೆ ಬಿಳೀ ಕಾಲುಚೀಲ ಹಾಕಿದಂಗೆ ಇರುತ್ತೆ. ಎಂಥಾ ಗಾಂಭೀರ್ಯ! ಸೀಳುನಾಯಿ ಇದೆ, ಕೆಂಪು ಮೈ, ಕಪ್ಪು ಪೊದೆಬಾಲ, ಗುಂಪಾಗಿ ಹೋಗುತ್ತೆ, ನಮ್ಮ ಬೀದಿ ನಾಯಿಯಂತೆ ಬೊಗಳದೆ ಸಿಳ್ಳೆ ಹಾಕುತ್ತೆ. ಕಡವೆ, ಕರಡಿ, ಮುಸುವ. ಒಂದು ಮರದಿಂದ ಇನ್ನೊಂದಕ್ಕೆ ಹಾರೋ ಕೆಂದಳಿಲು. ಕಾವೇರಿಯಲ್ಲಿ ನೀರುನಾಯಿ. ಇವನ್ನೆಲ್ಲ ಬಿಟ್ಟರೂ ನಮ್ಮ ಊರ ಬೇಲಿಯಲ್ಲೇ ಮುಂಗುಸಿ ಇದೆ, ಉಡ ಇದೆ, ಮುಳ್ಳುಹಂದಿ ಇದೆ, ಕಾಡುಪಾಪ ಇದೆ. ಕಾಡುಪಾಪವನ್ನು ಎಷ್ಟು ಜನ ನೋಡಿದ್ದೀರಿ? ಕೈ ಎತ್ತಿ ಅಂದರೆ ತರಗತಿಗೆ ಇಬ್ಬರೂ ಸಿಗೋದಿಲ್ಲ. ರಾತ್ರಿ ಬ್ಯಾಟರಿ ಬಿಟ್ಟರೆ ಹುಣಸೆ ಮರದಲ್ಲಿ ಎರಡು ಕೆಂಡದಂಥ ಕಣ್ಣು, ಅದೇ. ದೆವ್ವ ಅಂದುಕೊಂಡು ಓಡಿಬಂದವರ ಹೆಸರು ಇಲ್ಲಿ ಬರೆಯೋದಿಲ್ಲ.

ಪಟ್ಟಿ ಮಾಡಿದವರು ಇನ್ನೊಂದು ಮಾತು ಹೇಳಿದ್ದರು, ಮುಂಗುಸಿ ಉಡ ಬರೆದರೆ ಗೋಡೆಗೆ ಏನು ಗತ್ತು ಅಂತ. ಮೈಸೂರಿನವರೇ ಆದ ಆರ್. ಕೆ. ಲಕ್ಷ್ಮಣ್ ಗೊತ್ತಲ್ಲ, ದೇಶಕ್ಕೆಲ್ಲ ವ್ಯಂಗ್ಯಚಿತ್ರ ಬರೆದವರು. ಅವರಿಗೆ ಬಹಳ ಇಷ್ಟದ ಹಕ್ಕಿ ನವಿಲಲ್ಲ, ಕಾಗೆ. ಕಾಗೆಯನ್ನು ನೋಡಿ ನೋಡಿ ಜೀವನ ಪೂರ್ತಿ ಬರೆದರು. ಆ ಕಾಗೆಗೆ ಇಲ್ಲದ ಗತ್ತು ಇದೆಯಾ?

ಸರಿ, ಚಿರತೆ.

ಹೆದರಿಕೆ ಸುಳ್ಳು ಅಂತ ನಾನು ಹೇಳೋದಿಲ್ಲ. 2022ರ ಅಕ್ಟೋಬರ್‌ನಿಂದ 2023ರ ಜನವರಿಯೊಳಗೆ ನಮ್ಮ ಜಿಲ್ಲೆಯದೇ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ಬಾಯಿಗೆ ನಾಲ್ಕು ಜನ ಸತ್ತರು. ಅವರಲ್ಲಿ ಓದುವ ಹುಡುಗ ಹುಡುಗಿಯರಿದ್ದರು, ಹನ್ನೊಂದು ವರ್ಷದ ಬಾಲಕನೂ ಇದ್ದ. ನಮ್ಮಷ್ಟೇ ವಯಸ್ಸು. ಆಮೇಲೆ ಸರ್ಕಾರ ಮೈಸೂರಿಗೆ ಚಿರತೆ ಕಾರ್ಯಪಡೆ ಅಂತ ಮಾಡಿತು. ಹಳ್ಳಿಯಲ್ಲಿ ಮಾತ್ರ ಅಲ್ಲ, 2024ರ ಡಿಸೆಂಬರ್ 31ರಂದು ಮೈಸೂರಿನ ಇನ್ಫೋಸಿಸ್ ಆವರಣದೊಳಗೇ ಚಿರತೆ ಕಾಣಿಸಿಕೊಂಡು, ನೌಕರರಿಗೆಲ್ಲ ಮನೆಯಿಂದಲೇ ಕೆಲಸ ಮಾಡಿ ಅಂದಿದ್ದರು. ನಮ್ಮ ಮನೆಯದೇ ಮಾತು ಹೇಳಬೇಕೆಂದರೆ, ಹೋದ ವರ್ಷ ಕಾರ್ತೀಕದಲ್ಲಿ ನಮ್ಮಜ್ಜಿಯ ಮೇಕೆ ಹೋಯಿತು. ಕೊಟ್ಟಿಗೆ ಬಾಗಿಲಿಗೆ ಅಗುಳಿ ಇರಲಿಲ್ಲ. ಗಬ್ಬದ ಮೇಕೆ. ಅಜ್ಜಿ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ.

ಹಾಗಾದರೆ ಅಜ್ಜಿ ಏನು ಹೇಳ್ತಾರೆ ಅಂತ ನೋಡೋಣ ಅಂದುಕೊಂಡು ಈ ಲೇಖನ ಬರೆಯೋಕೆ ಮುಂಚೆ ಕೇಳಿದೆ. "ಅಜ್ಜಿ, ಇಸ್ಕೂಲ್ ಗೋಡೆಗೆ ಚಿರತೆ ಬರೀಬೋದಾ?" ಅಜ್ಜಿ ಚಿರತೆಗೆ ಕಿರುಬ ಅಂತಾರೆ. (ಹೈನಾಗೆ ಕತ್ತೆಕಿರುಬ ಅಂತಾರೆ. ಅವರಿಗೆ ಎರಡಕ್ಕೂ ವ್ಯತ್ಯಾಸ ಚೆನ್ನಾಗಿ ಗೊತ್ತು, ನಮಗೆ ಮಾವನಿಗೆ ಗೊತ್ತಿರಲಿಲ್ಲ.) ಅಜ್ಜಿ ಅಂದರು: "ಬರ್ಕಳಿ ಮಗ. ಬರ್ದಿಲ್ಲ ಅಂದ್ರೆ ಅದು ಬರಾಕಿಲ್ವಾ? ಅಗುಳಿ ಇಕ್ಕಿರೋ ಕೊಟ್ಗೇನೂ ಪಕ್ಕದಾಗೆ ಬರ್ಕಳಿ."

ನನಗೆ ಇದಕ್ಕಿಂತ ಚೆನ್ನಾಗಿ ಹೇಳೋಕೆ ಬರೋದಿಲ್ಲ. ಆದರೂ ವಾದ ಪೂರ್ತಿ ಮಾಡಬೇಕಲ್ಲ. ನಮ್ಮ ಊರ ಸುತ್ತ ಕಬ್ಬಿನ ಗದ್ದೆ. ಕಬ್ಬಿನೊಳಗೆ ಚಿರತೆಗೆ ಮರೆ ಸಿಗುತ್ತೆ, ಅಲ್ಲೇ ಮರಿ ಹಾಕುತ್ತೆ. ಕಬ್ಬು ಕಡಿಯುವಾಗ ಮರಿ ಸಿಕ್ಕಿತು ಅಂತ ಪೇಪರಿನಲ್ಲಿ ಎಷ್ಟು ಸಲ ಓದಿಲ್ಲ? ಅಂಥ ಹೊತ್ತಿನಲ್ಲಿ ಬೆಕ್ಕಿನ ಮರಿ ಅಂತ ಮನೆಗೆ ಎತ್ತಿಕೊಂಡು ಬಂದರೆ ತಾಯಿ ಹುಡುಕಿಕೊಂಡು ಬರುತ್ತೆ. ಮರಿಯನ್ನು ಇದ್ದಲ್ಲೇ ಬಿಟ್ಟು ಅರಣ್ಯ ಇಲಾಖೆಯವರಿಗೆ ತಿಳಿಸಿದರೆ ಅವರು ತಾಯಿ ಜೊತೆ ಸೇರಿಸೋಕೆ ನೋಡ್ತಾರೆ. ಅದು ಚಿರತೆ ಮರಿ ಅಂತ ಮೊದಲು ಗುರುತು ಸಿಗಬೇಕಲ್ಲ! ಎರಡನೇ ತರಗತಿ ಮಗುವಿಗೆ ಅದನ್ನು ಯಾರು ತೋರಿಸ್ತಾರೆ? ಜೀಬ್ರಾ ತೋರಿಸುತ್ತಾ, ಪೆಂಗ್ವಿನ್ ತೋರಿಸುತ್ತಾ?

ಚಿತ್ರ ನೋಡಿ ಹೆದರುವ ಮಗು ಇದ್ದರೆ ಅದು ಬಾಯಿ ತೆರೆದ, ರಕ್ತ ಸುರಿಸೋ ಚಿತ್ರ ನೋಡಿ ಹೆದರುತ್ತೆ. ಅಂಥದ್ದು ನನಗೂ ಬೇಡ. ನಾನು ಕೇಳೋ ಏಳನೇ ಅಂಕಣ ಹೀಗಿರಬೇಕು: ಹೊತ್ತು ಮುಳುಗಿದ ಮಂಕು ಬೆಳಕು. ಹಿಂದೆ ಕಬ್ಬಿನ ಗದ್ದೆ. ಬದುವಿನ ಮೇಲೆ ಚಿರತೆ, ಬಾಯಿ ಮುಚ್ಚಿಕೊಂಡು, ತಲೆ ತಿರುಗಿಸಿ ನಮ್ಮ ಕಡೆ ನೋಡ್ತಾ. ಬೆನ್ನ ಮೇಲೆ ಹೂವಿನಂಥ ಗುರುತು ಸರಿಯಾಗಿ ಇರಬೇಕು. ದೂರದಲ್ಲಿ ಲೈಟು ಉರಿಯೋ ಮನೆ, ಅಗುಳಿ ಹಾಕಿದ ಕೊಟ್ಟಿಗೆ. ದಾರಿಯಲ್ಲಿ ಮೂವರು ಮಕ್ಕಳು ಒಟ್ಟಿಗೆ ಬ್ಯಾಟರಿ ಹಿಡಿದು ಜೋರಾಗಿ ಮಾತಾಡ್ತಾ ಹೋಗ್ತಿರಬೇಕು. ಸಂಜೆ ಹೊತ್ತು ಒಬ್ಬೊಬ್ಬರೇ ಗದ್ದೆ ಕಡೆ ಹೋಗಬಾರದು, ಹೊಲದಲ್ಲಿ ಬಗ್ಗಿ ಕೂತರೆ ಅದಕ್ಕೆ ನಾವು ಮೇಕೆಯಷ್ಟೇ ಚಿಕ್ಕದಾಗಿ ಕಾಣ್ತೀವಿ ಅಂತ ಅರಣ್ಯ ಇಲಾಖೆಯವರು ಬಂದು ಹೇಳಿ ಹೋದರು. ಹೇಳಿದ್ದನ್ನು ಒಂದು ವಾರಕ್ಕೆ ಮರೆತೆವು. ಗೋಡೆ ಮೇಲಿದ್ದರೆ ಮರೆಯೋಕೆ ಬಿಡೋದಿಲ್ಲ.

ಒಂದು ಮಾತು ಒಪ್ಪಿಕೊಳ್ತೀನಿ. ಮೇಕೆ ಕಳೆದುಕೊಂಡ ಮನೆಗಳು ನಮ್ಮ ಊರಲ್ಲಿ ಇನ್ನೂ ನಾಲ್ಕೈದು ಇವೆ. ಅವರಿಗೆ ದಿನಾ ಶಾಲೆ ಮುಂದೆ ಹೋಗುವಾಗ ಅದರ ಮುಖ ನೋಡೋದು ಕಷ್ಟ ಆಗಬಹುದು. ಅದಕ್ಕೆ ಉತ್ತರ ನನ್ನ ಹತ್ತಿರ ಇಲ್ಲ. ಬಣ್ಣ ಹಾಕೋಕೆ ಮುಂಚೆ ಆ ಮನೆಗಳಿಗೆ ಹೋಗಿ ಕೇಳಿಬಿಡೋಣ ಅನ್ನೋದು ನನ್ನ ಅಭಿಪ್ರಾಯ. ನಾನು ಬರ್ತೀನಿ, ಇನ್ನಿಬ್ಬರು ಜೊತೆಗೆ ಬರಲಿ.

ಮಾವ ನಮ್ಮ ಗೋಡೆಗೆ ಕೂಲಿ ತಗೊಳ್ಳೋದಿಲ್ಲ, ಊಟ ಮತ್ತು ಬಣ್ಣದ ಖರ್ಚು ಕೊಟ್ಟರೆ ಸಾಕು ಅಂದಿದ್ದಾರೆ. ಆದರೆ ಒಂದು ಷರತ್ತು, ಈ ಸಲ ಪ್ರಿಂಟ್ ಹಾಳೆ ಮುಟ್ಟೋದಿಲ್ಲವಂತೆ. ಎಂಟೂ ಪ್ರಾಣಿಯನ್ನು ಮಕ್ಕಳು ನೋಡಿ ಬರೆದುಕೊಂಡು ಬರಬೇಕು. ಕಾಟಿ, ಸೀಳುನಾಯಿ, ಚಿರತೆ, ಕರಡಿಗೆ ಮೈಸೂರು ಮೃಗಾಲಯ. ಆನೆಗೆ ದಸರಾ ಹೊತ್ತಿಗೆ ಅರಮನೆ ಆವರಣ, ಆಗ ಆನೆಗಳು ಅಲ್ಲೇ ಇರ್ತವೆ. ಮುಂದಿನ ಕಾಲಿನ ಉಗುರು ಎಣಿಸಿಕೊಂಡು ಬನ್ನಿ, ಎಷ್ಟು ಅಂತ ನಾನು ಹೇಳೋದಿಲ್ಲ. ನವಿಲಿಗೆ ನಮ್ಮ ರಾಗಿ ಹೊಲವೇ ಸಾಕು. ಉಡ ಯಾರಿಗಾದರೂ ಸಿಕ್ಕರೆ ಹಿಡಿಯೋಕೆ ಹೋಗಬೇಡಿ, ಹಿಡಿಯೋದು ಅಪರಾಧ. ನಿಂತು ನೋಡಿ, ಮನೆಗೆ ಹೋಗಿ ಬರೆಯಿರಿ. ಡ್ರಾಯಿಂಗ್ ಮೇಷ್ಟ್ರು ಬೆಟ್ಟದ ಗೆರೆ ನೋಡಿಕೊಳ್ತೀನಿ ಅಂದಿದ್ದಾರೆ. ನಮ್ಮ ಊರಿಂದ ಕಾಣೋದು ಚಾಮುಂಡಿ ಬೆಟ್ಟದ ಬೆನ್ನು, ಮೈಸೂರಿನವರಿಗೆ ಕಾಣೋ ಮುಖ ಅಲ್ಲ. ಅದನ್ನೇ ಬರೀಬೇಕು.

ನನ್ನ ಮಾತು ಒಪ್ಪದವರು, ಮುಖ್ಯವಾಗಿ ಒಂಬತ್ತನೇ ತರಗತಿಯವರು, ಮುಂದಿನ ಸಂಚಿಕೆಗೆ ಬರೆಯಿರಿ. ಶುಕ್ರವಾರ ಸಂಜೆಯೊಳಗೆ ಸಂಪಾದಕರಿಗೆ ಕೊಡಬೇಕು. ಗೋಡೆ ಒಣಗೋಕೆ ಹೇಗಿದ್ದರೂ ಇನ್ನೂ ಹತ್ತು ಹನ್ನೆರಡು ದಿನ ಇದೆ. ಅಷ್ಟರಲ್ಲಿ ಬೋರ್‌ವೆಲ್ ಪೈಪಿನ ಸೋರಿಕೆ ನಿಲ್ಲಿಸಿದರೆ ಎಂಟನೇ ಅಂಕಣವೂ ಉಳಿಯುತ್ತೆ.